ಅಂಕಿಯ ಬುಡ ಕಾಣುವವು, ಕಾಣದವು: ಬೆಳಗಾವಿ ಸುದ್ದಿಮನೆಯ ಮಾಹಿತಿ ಸೇವೆಗಳ ವಿಮರ್ಶೆ

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಬೆಳಗಾವಿಯ ವರದಿಗಾರರ ಮೊಬೈಲಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಕಿಗಳೇ ಬರುತ್ತವೆ. ಉತ್ತರ ಕರ್ನಾಟಕಕ್ಕೆ ಕೊಟ್ಟ ಅನುದಾನ ಇಷ್ಟು, ಶಕ್ತಿ ಯೋಜನೆಯಲ್ಲಿ ಓಡಾಡಿದವರು ಇಷ್ಟು, ಕಬ್ಬಿಗೆ ಟನ್ನಿಗೆ ಸಿಕ್ಕಿದ್ದು ಇಷ್ಟು, ಈಗಲೇ ಚುನಾವಣೆ ನಡೆದರೆ ಬರುವ ಸೀಟು ಇಷ್ಟು. ಹೇಳಿದವರ ಹೆಸರು ಹಾಕಿ ಅಂಕಿಯನ್ನು ಹಾಗೆಯೇ ಅಚ್ಚಿಗೆ ಕಳಿಸಿದರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಆ ಅಂಕಿ ಯಾರು ಎಣಿಸಿದ್ದು, ಯಾವುದರಿಂದ ಭಾಗಿಸಿದ್ದು, ಏನನ್ನು ಬಿಟ್ಟದ್ದು ಎಂಬುದನ್ನು ಓದುಗರಿಗೆ ಹೇಳಬೇಕು.

ಹಾಗೆ ಹೇಳಲು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಡೆಸ್ಕುಗಳು ದಿನನಿತ್ಯ ಬಳಸುವ ಮಾಹಿತಿ ಸೇವೆಗಳ ವಿಮರ್ಶೆ ಇದು. ಹೆಚ್ಚಿನವು ಸರ್ಕಾರಿ, ಉಚಿತ. ಕೆಲವು ಟಿವಿಯಲ್ಲಿ ಬರುವ ಸಮೀಕ್ಷೆಗಳು. ಇಲ್ಲಿ ಅಳತೆಗೋಲು ಒಂದೇ: ಮೇಲಿನ ಮೊತ್ತದಿಂದ ಕೆಳಗಿನ ಸಾಲಿಗೆ, ಅಂದರೆ ಮತಗಟ್ಟೆಗೆ, ಹಳ್ಳಿಗೆ, ವಿದ್ಯುತ್ ಮೀಟರಿಗೆ, ರೈತನ ಕೈಗೆ ಬಂದ ಬಿಲ್ಲಿಗೆ ಇಳಿದು ನೋಡಲು ಅದು ಬಿಡುತ್ತದೆಯೇ? ಬಿಡುವ ಸೇವೆ ನೋಡಲು ಎಷ್ಟೇ ಒರಟಾಗಿದ್ದರೂ ಒಳ್ಳೆಯದು. ಬಿಡದಿದ್ದರೆ ಅದರ ಗ್ರಾಫಿಕ್ಸ್ ಎಷ್ಟು ಚೆಂದ ಇದ್ದರೂ ಪ್ರಯೋಜನವಿಲ್ಲ.

ನಮೂನೆ 20

ಈ ಇಡೀ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಮತ್ತು ಅತ್ಯಂತ ಕಡಿಮೆ ಬಳಕೆಯಾಗುವುದು ನಮೂನೆ 20. ಪ್ರತಿ ಕ್ಷೇತ್ರದ ಮತ ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಹಿ ಹಾಕುವ ಅಂತಿಮ ಫಲಿತಾಂಶ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಕ್ಷೇತ್ರವಾರು ಪಿಡಿಎಫ್ ಸಿಗುತ್ತದೆ. ಎಡಗಡೆ ಮತಗಟ್ಟೆಯ ಸಂಖ್ಯೆ. ಅದರ ಮುಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಕಾಲಂ. ನಂತರ ಸಿಂಧು ಮತಗಳ ಮೊತ್ತ, ತಿರಸ್ಕೃತ ಮತ, ನೋಟಾ, ಒಟ್ಟು, ಕೊನೆಗೆ ಟೆಂಡರ್ ಮತ (ತನ್ನ ಹೆಸರಲ್ಲಿ ಬೇರೆಯವರು ಮೊದಲೇ ಮತ ಹಾಕಿದ್ದಾಗ ಮತದಾರ ಹಾಕುವ ಮತ). ಹಾಳೆಯ ತಳದಲ್ಲಿ ಮೂರು ಸಾಲು: ಮತಯಂತ್ರದ ಒಟ್ಟು ಮತ, ಅಂಚೆ ಮತ, ಎರಡೂ ಸೇರಿದ ಮೊತ್ತ.

"ಆ ಭಾಗದ ಹಳ್ಳಿಗಳೆಲ್ಲ ನಮ್ಮ ಕೈಹಿಡಿದವು", "ನಗರದಲ್ಲಿ ಸೋತೆವು, ಗ್ರಾಮೀಣದಲ್ಲಿ ಗೆದ್ದೆವು" ಎಂಬ ಮಾತುಗಳನ್ನು ಇದೊಂದೇ ದಾಖಲೆ ಪರೀಕ್ಷಿಸಬಲ್ಲದು. ಆದರೆ ಅದನ್ನು ಬಳಕೆಗೆ ತರುವುದು ಶ್ರಮದ ಕೆಲಸ. ಬಹಳಷ್ಟು ಕ್ಷೇತ್ರಗಳ ಹಾಳೆಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಎಕ್ಸೆಲ್‌ಗೆ ತರಲು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಹಾಕಿದರೆ 3 ಹೋಗಿ 8 ಆಗುತ್ತದೆ, 1 ಹೋಗಿ 7 ಆಗುತ್ತದೆ. ಹೆಚ್ಚುವರಿ ಮತಗಟ್ಟೆಗೆ "12ಎ" ಎಂಬಂಥ ಸಂಖ್ಯೆ ಇರುವುದರಿಂದ ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿದು ಪಟ್ಟಿಯ ಕೊನೆಗೆ ತಳ್ಳುತ್ತದೆ. ಕೆಲವು ಹಾಳೆಗಳಲ್ಲಿ ಪುಟದ ಮೊತ್ತವನ್ನೂ ಬರೆದಿರುತ್ತಾರೆ. ಅದನ್ನು ಇನ್ನೊಂದು ಮತಗಟ್ಟೆ ಎಂದು ಸೇರಿಸಿಕೊಂಡರೆ ಲೆಕ್ಕ ದುಪ್ಪಟ್ಟಾಗುತ್ತದೆ.

ಹೀಗಾಗಿ ಟೈಪ್ ಮಾಡಿ ಮುಗಿಸಿದ ಮೇಲೆ ನಾಲ್ಕು ಕೂಡಿಕೆ ಕಡ್ಡಾಯ. ಪ್ರತಿ ಸಾಲಿನಲ್ಲಿ ಅಭ್ಯರ್ಥಿಗಳ ಮತ ಕೂಡಿದರೆ ಸಿಂಧು ಮತದ ಕಾಲಂಗೆ ಸಮ ಬರಬೇಕು. ಅದಕ್ಕೆ ತಿರಸ್ಕೃತ ಮತ ಮತ್ತು ನೋಟಾ ಸೇರಿಸಿದರೆ ಒಟ್ಟು ಬರಬೇಕು. ಪ್ರತಿ ಕಾಲಂ ಮೇಲಿಂದ ಕೆಳಗೆ ಕೂಡಿದರೆ ಮತಯಂತ್ರದ ಮೊತ್ತ ಬರಬೇಕು. ಅದಕ್ಕೆ ಅಂಚೆ ಮತ ಸೇರಿಸಿದರೆ ಚುನಾವಣಾ ಆಯೋಗದ ಫಲಿತಾಂಶ ಪುಟದಲ್ಲಿ ಆ ಅಭ್ಯರ್ಥಿಗೆ ತೋರಿಸಿದ ಮತಕ್ಕೆ ತಾಳೆ ಆಗಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಮೊದಲು ಟೈಪ್ ಮಾಡಿದವರ ಕಡೆ ನೋಡಬೇಕು, ಅಧಿಕಾರಿಯ ಕಡೆ ಅಲ್ಲ.

ಎರಡು ಚುನಾವಣೆಗಳನ್ನು ಹೋಲಿಸುವಾಗ ಇನ್ನೂ ದೊಡ್ಡ ಅಪಾಯವಿದೆ. 2018ರ 45ನೇ ಮತಗಟ್ಟೆ 2023ರಲ್ಲೂ 45 ಆಗಿರಬೇಕೆಂದಿಲ್ಲ. ಮತದಾರರ ಸಂಖ್ಯೆ ಮಿತಿ ಮೀರಿದ ಕಡೆ ಮತಗಟ್ಟೆ ಒಡೆಯುತ್ತಾರೆ, ಕೆಲವನ್ನು ಒಂದುಗೂಡಿಸುತ್ತಾರೆ, ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಬಹುಕಾಲ ಮತಗಟ್ಟೆಗೆ 1,500 ಮತದಾರರ ಮಿತಿ ಇತ್ತು. 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಿತು. ಅಂದರೆ ಮುಂದಿನ ವಿಧಾನಸಭೆ ಚುನಾವಣೆಯ ನಮೂನೆ 20 ಕೈಗೆ ಬಂದಾಗ 2023ರ ಪಕ್ಕ ನೇರವಾಗಿ ಇಟ್ಟು ನೋಡಲು ಆಗುವುದೇ ಇಲ್ಲ. ಮತಗಟ್ಟೆ ಪಟ್ಟಿ ತೆರೆದು ಶಾಲೆಯ ಹೆಸರು, ಕೊಠಡಿಯ ದಿಕ್ಕು, ಅದಕ್ಕೆ ಸೇರಿದ ಓಣಿಗಳನ್ನು ನೋಡಿ ಕೈಯಿಂದ ಜೋಡಿಸಬೇಕು. ಜೋಡಿಸಲಾಗದಿದ್ದರೆ ಹಳ್ಳಿಯ ಅಥವಾ ವಾರ್ಡಿನ ಎಲ್ಲ ಮತಗಟ್ಟೆ ಕೂಡಿಸಿ ಹೋಲಿಸುವುದು ಸುರಕ್ಷಿತ.

ಜಿಲ್ಲೆಯ ಗಡಿಯೂ ಎಡವಿಸುತ್ತದೆ. ಬೆಳಗಾವಿ ಜಿಲ್ಲೆಯ 18 ವಿಧಾನಸಭಾ ಕ್ಷೇತ್ರಗಳಲ್ಲಿ 8 ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ, 8 ಚಿಕ್ಕೋಡಿಗೆ ಸೇರಿವೆ. ಉಳಿದ ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿವೆ. "ಜಿಲ್ಲೆಯಲ್ಲಿ ಲೋಕಸಭೆಗೆ ಬಿದ್ದ ಮತ" ಎಂದು ಬರೆದು ಬೆಳಗಾವಿ, ಚಿಕ್ಕೋಡಿ ಎರಡನ್ನೇ ಕೂಡಿಸಿದರೆ ಎರಡು ತಾಲ್ಲೂಕು ಬಿಟ್ಟುಹೋದವು. ಬಾಗಲಕೋಟೆಯದು ಉಲ್ಟಾ: ಅದರ ಲೋಕಸಭಾ ಕ್ಷೇತ್ರದೊಳಗೆ ಗದಗ ಜಿಲ್ಲೆಯ ನರಗುಂದ ಸೇರಿದೆ. ವಿಜಯಪುರದವರಿಗೆ ಮಾತ್ರ ನೆಮ್ಮದಿ, ಜಿಲ್ಲೆಯ 8 ಕ್ಷೇತ್ರಗಳೇ ಅಲ್ಲಿನ ಲೋಕಸಭಾ ಕ್ಷೇತ್ರ. 2008ರ ಹಿಂದಕ್ಕೆ ಹೋಗುವವರು ಇನ್ನೂ ಎಚ್ಚರದಿಂದಿರಬೇಕು. ಸಂಕೇಶ್ವರ, ಉಚಗಾಂವ, ಸದಲಗಾ, ಪರಸಗಡ ಎಂಬ ಕ್ಷೇತ್ರಗಳು ಆಗ ಇದ್ದವು, ಪುನರ್ವಿಂಗಡಣೆಯ ಬಳಿಕ ಇಲ್ಲ. ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರ ನಡೆಸುವ ಲೋಕ್‌ಢಾಬಾ ತಾಣದಲ್ಲಿ ದಶಕಗಳ ಹಿಂದಿನ ಕ್ಷೇತ್ರವಾರು ಫಲಿತಾಂಶ ಒಂದೇ ಫೈಲಿನಲ್ಲಿ ಸಿಗುತ್ತದೆ. ಬಹಳ ಉಪಯುಕ್ತ ತಾಣ. ಆದರೆ ಹೆಸರು ಒಂದೇ ಇದ್ದಮಾತ್ರಕ್ಕೆ ಕ್ಷೇತ್ರ ಒಂದೇ ಅಲ್ಲ ಎಂಬುದನ್ನು ಬಳಸುವವರೇ ನೆನಪಿಡಬೇಕು.

ನಮೂನೆ 20 ಏನನ್ನು ಹೇಳುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಒಂದು ಮತಗಟ್ಟೆಯಲ್ಲಿ ಮರಾಠಿ ಭಾಷಿಕರು ಹೆಚ್ಚಿದ್ದಾರೆ, ಅಲ್ಲಿ ಒಂದು ಪಕ್ಷಕ್ಕೆ ಶೇ. 60 ಮತ ಬಿದ್ದಿದೆ ಎಂದಮೇಲೆ ಮರಾಠಿ ಭಾಷಿಕರಲ್ಲಿ ಶೇ. 60 ಮಂದಿ ಆ ಪಕ್ಷಕ್ಕೆ ಹಾಕಿದರು ಎಂದು ಬರೆಯಲಾಗದು. ಹಾಳೆ ಹೇಳುವುದು ಗುಂಪಿನ ಮೊತ್ತ. ಒಳಗೆ ಯಾರು ಯಾರಿಗೆ ಹಾಕಿದರು ಎಂಬುದು ಅದರಲ್ಲಿ ಇಲ್ಲ. ಜಾತಿ, ಭಾಷೆಯ ಲೆಕ್ಕಾಚಾರದ ವಿಶ್ಲೇಷಣೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಅಲ್ಲದೆ ಕೆಲವೇ ನೂರು ಮತದಾರರಿರುವ ಮತಗಟ್ಟೆಯ ಫಲಿತಾಂಶವನ್ನು ಊರಿನ ಹೆಸರು ಹಾಕಿ ದೊಡ್ಡದಾಗಿ ಅಚ್ಚು ಹಾಕುವಾಗ ಆ ಊರಿನವರ ಸುರಕ್ಷತೆಯನ್ನೂ ಯೋಚಿಸಬೇಕು. ಹಲವು ಮತಗಟ್ಟೆಗಳ ಮತ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿದ್ದು ಇದೇ ಕಾರಣಕ್ಕೆ. ಅದು ಜಾರಿಗೆ ಬಂದಿಲ್ಲ.

ಅಂಕ: 5ಕ್ಕೆ 4. ಒಂದು ಅಂಕ ಕಡಿತ ಸ್ಕ್ಯಾನ್ ಮಾಡಿದ ಹಾಳೆಗೆ.

ಆಯೋಗದ ಫಲಿತಾಂಶ ಪುಟ ಮತ್ತು ಮತದಾನ ಪ್ರಮಾಣದ ಆ್ಯಪ್

ಎಣಿಕೆ ದಿನ ಸುತ್ತುವಾರು ಮುನ್ನಡೆ ಕೊಡುವ ಪುಟ ವೇಗವಾಗಿದೆ, ವಿಶ್ವಾಸಾರ್ಹವಾಗಿದೆ. ಒಂದು ಸೂಕ್ಷ್ಮ ಮಾತ್ರ ಗಮನಿಸಬೇಕು: ಅಲ್ಲಿ ಅಭ್ಯರ್ಥಿಯ ಶೇಕಡಾ ಮತ ಲೆಕ್ಕ ಹಾಕುವಾಗ ನೋಟಾವನ್ನೂ ಒಟ್ಟಿಗೆ ಸೇರಿಸಿರುತ್ತಾರೆ. ನಮೂನೆ 20ರ ಸಿಂಧು ಮತದಲ್ಲಿ ನೋಟಾ ಇಲ್ಲ. ಎರಡು ಕಡೆಯಿಂದ ಶೇಕಡಾ ತೆಗೆದು ಪಕ್ಕಪಕ್ಕ ಇಟ್ಟರೆ ದಶಮಾಂಶ ತಾಳೆಯಾಗದೆ ಇಲ್ಲದ ಅನುಮಾನ ಹುಟ್ಟುತ್ತದೆ.

ಮತದಾನ ಪ್ರಮಾಣದ ಆ್ಯಪ್ ಬಗ್ಗೆ ಹೆಚ್ಚು ಎಚ್ಚರ ಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಮತದಾನದ ದಿನ ಅದರಲ್ಲಿ ಬಂದದ್ದು ವಲಯ ಅಧಿಕಾರಿಗಳು ಫೋನಿನಲ್ಲಿ ತರಿಸಿದ ಅಂದಾಜು. ಸಂಜೆ 6ಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಮತ ಹಾಕಿಸುತ್ತಾರೆ, ದೂರದ ಮತಗಟ್ಟೆಗಳ ಲೆಕ್ಕ ತಡರಾತ್ರಿ ಸೇರುತ್ತದೆ. ಹಾಗಾಗಿ ಅಂಕಿ ಏರುವುದು ಸಹಜ. 2024ರ ಲೋಕಸಭೆಯ ಮೊದಲ ಹಂತ ಏಪ್ರಿಲ್ 19ಕ್ಕೆ ಮುಗಿದರೂ ಆಯೋಗ ಶೇ. 66.14 ಎಂಬ ಪ್ರಮಾಣ ಪ್ರಕಟಿಸಿದ್ದು ಏಪ್ರಿಲ್ 30ಕ್ಕೆ. ಅದೂ ಬರೀ ಶೇಕಡಾ, ಮತದಾರರ ಸಂಖ್ಯೆ ಇಲ್ಲ. ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, ಮೇ 25ಕ್ಕೆ ಮೊದಲ ಐದು ಹಂತಗಳ ಸಂಖ್ಯೆ ಹೊರಬಂತು. ಅಂಕಿ ಏರಿದ್ದರಲ್ಲೇ ತಪ್ಪು ಹುಡುಕುವುದು ಅವಸರ. ಛೇದವಿಲ್ಲದ ಶೇಕಡಾ ಕೊಟ್ಟದ್ದು ನಿಜವಾದ ಕೊರತೆ.

ತಾಳೆ ನೋಡುವ ದಾರಿ ನಮೂನೆ 17ಸಿ, ಅಂದರೆ ಒಂದೊಂದು ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆ. ಮತದಾನ ಮುಗಿದ ಕೂಡಲೇ ಮತಗಟ್ಟೆ ಅಧ್ಯಕ್ಷಾಧಿಕಾರಿ ಅದರ ಮೊದಲ ಭಾಗದ ಪ್ರತಿಯನ್ನು ಪಕ್ಷಗಳ ಏಜೆಂಟರಿಗೆ ಕೊಡಬೇಕು. ಒಂದೇ ಪಕ್ಷದವರಿಂದ ಪಡೆದ ಪ್ರತಿ ಸಾಲದು, ಎದುರು ಪಕ್ಷದವರ ಪ್ರತಿಯೂ ಬೇಕು. 17ಸಿಯ ಸಂಖ್ಯೆಗೂ ನಮೂನೆ 20ಕ್ಕೂ ಒಂದು ಮತಗಟ್ಟೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ: ಬೆಳಗಿನ ಅಣಕು ಮತದಾನದ ಮತಗಳನ್ನು ಅಳಿಸದೇ ಬಿಟ್ಟಿದ್ದರೇ? ಅಣಕು ಮತದಾನಕ್ಕೆ ಕನಿಷ್ಠ 50 ಮತ ಹಾಕುತ್ತಾರೆ. 2024ರ ಲೋಕಸಭಾ ಚುನಾವಣೆಯವರೆಗಿನ ನಿಯಮದಲ್ಲಿ, ಅಳಿಸದಿದ್ದರೆ ಆ ಯಂತ್ರವನ್ನು ಬದಿಗಿಟ್ಟು, ಗೆಲುವಿನ ಅಂತರ ಆ ಮತಗಟ್ಟೆಯ ಮತಕ್ಕಿಂತ ಕಡಿಮೆ ಇದ್ದಾಗ ಮಾತ್ರ ವಿವಿಪ್ಯಾಟ್ ಚೀಟಿ (ಮತ ಯಾರಿಗೆ ಬಿತ್ತೆಂದು ಮುದ್ರಿಸುವ ಚೀಟಿ) ಎಣಿಸುತ್ತಿದ್ದರು. ಕಾಣೆಯಾದ ಮತಗಳ ಎಷ್ಟೋ ಸುದ್ದಿಗಳ ಹಿಂದೆ ಈ ನಿಯಮವಿದೆ.

ಪ್ರಮಾಣ ಏರಿದರೆ ಉತ್ಸಾಹ ಏರಿತು ಎಂದೇ ಅಲ್ಲ. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಗೆ ಮುಂಚೆ 7.89 ಕೋಟಿ ಇದ್ದ ಮತದಾರರ ಪಟ್ಟಿ ಅಂತಿಮವಾಗಿ 7.42 ಕೋಟಿಗೆ ಇಳಿಯಿತು. ಅಷ್ಟೇ ಜನ ಬಂದು ಮತ ಹಾಕಿದ್ದರೂ ಹಳೆಯ ಪಟ್ಟಿಯ ಮೇಲಿನ ಶೇ. 60 ಹೊಸ ಪಟ್ಟಿಯ ಮೇಲೆ ಶೇ. 63.8 ಆಗುತ್ತದೆ. ಆದ್ದರಿಂದ ಎರಡು ಚುನಾವಣೆಗಳ ಮತದಾನ ಹೋಲಿಸುವಾಗ ಶೇಕಡಾದ ಪಕ್ಕ ಮತ ಹಾಕಿದವರ ಸಂಖ್ಯೆಯನ್ನೂ ಹಾಕಲೇಬೇಕು.

ಸಮೀಕ್ಷೆ, ಎಕ್ಸಿಟ್ ಪೋಲ್

ಟಿವಿ ವಾಹಿನಿಗಳ ಎಕ್ಸಿಟ್ ಪೋಲ್ ಜಿಲ್ಲಾ ವರದಿಗಾರನಿಗೆ ಉಪಯೋಗಕ್ಕೆ ಬರುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ರಾಜ್ಯದ 224 ಕ್ಷೇತ್ರಗಳಿಗೆ 30,000 ಜನರ ಸ್ಯಾಂಪಲ್ ಎಂದು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತಾರೆ ಅಂದುಕೊಳ್ಳೋಣ. ಕ್ಷೇತ್ರಕ್ಕೆ ಬಂದದ್ದು 134 ಜನ. 134 ಜನರ ಉತ್ತರದಲ್ಲಿ ಯಾವುದೇ ಪಕ್ಷದ ಮತಪ್ರಮಾಣ ಶೇ. 8.5ರಷ್ಟು ಮೇಲೆ ಕೆಳಗೆ ಆಗಬಹುದು. 400 ಜನರನ್ನು ಕೇಳಿದರೆ ಅದು 4.9ಕ್ಕೆ, ಸಾವಿರ ಜನರಾದರೆ 3.1ಕ್ಕೆ ಇಳಿಯುತ್ತದೆ. ಸ್ಯಾಂಪಲ್ ನಾಲ್ಕು ಪಟ್ಟು ಹೆಚ್ಚಿಸಿದರೆ ಈ ಏರುಪೇರು ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಇದೂ ಲಾಟರಿಯಂತೆ ಎತ್ತಿದ ಹೆಸರುಗಳಿಗೆ ಅನ್ವಯಿಸುವ ಲೆಕ್ಕ. ಐದು ಮತಗಟ್ಟೆ ಆರಿಸಿ ಒಂದೊಂದರಲ್ಲಿ 27 ಜನರನ್ನು ಕೇಳಿದರೆ ಒಂದೇ ಓಣಿಯವರ ಉತ್ತರ ಒಂದೇ ತೆರನಾಗಿರುವುದರಿಂದ ಏರುಪೇರು ಇನ್ನೂ ಹಿಗ್ಗುತ್ತದೆ.

ಇದನ್ನು ಬಾದಾಮಿಯ ಮೇಲೆ ಇಟ್ಟು ನೋಡಬಹುದು. 2018ರಲ್ಲಿ ಅಲ್ಲಿ ಸಿದ್ದರಾಮಯ್ಯ 67,599 ಮತ ಪಡೆದರು, ಬಿ. ಶ್ರೀರಾಮುಲು 65,903. ಅಂತರ 1,696, ಬಿದ್ದ ಮತಗಳಲ್ಲಿ ಸರಿಸುಮಾರು ಶೇ. 1. ಇಬ್ಬರೂ ಸೇರಿ ಐದರಲ್ಲಿ ನಾಲ್ಕು ಪಾಲು ಮತ ಪಡೆದ ಇಂಥ ಕ್ಷೇತ್ರದಲ್ಲಿ ಶೇ. 1ರ ಅಂತರವನ್ನು ಸಮೀಕ್ಷೆಯಿಂದ ಖಚಿತವಾಗಿ ಹೇಳಬೇಕಾದರೆ ಆ ಒಂದೇ ಕ್ಷೇತ್ರದಲ್ಲಿ ಸುಮಾರು 30 ಸಾವಿರ ಜನರನ್ನು ಕೇಳಬೇಕು. ಇಡೀ ರಾಜ್ಯಕ್ಕೆ ಮಾಡುವ ಸ್ಯಾಂಪಲ್ ಅದು. 2021ರ ಬೆಳಗಾವಿ ಲೋಕಸಭಾ ಉಪಚುನಾವಣೆ ಇನ್ನೂ ಬಿಗಿ: ಹತ್ತು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಮಂಗಳಾ ಅಂಗಡಿ ಗೆದ್ದದ್ದು 5,240 ಮತಗಳಿಂದ. ಅಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) ಬೆಂಬಲಿತ ಅಭ್ಯರ್ಥಿಗೆ ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಪ್ರಶ್ನಾವಳಿಯಲ್ಲಿ ಎರಡು ರಾಷ್ಟ್ರೀಯ ಪಕ್ಷಗಳ ಹೆಸರು ಓದಿ ಉಳಿದದ್ದನ್ನು "ಇತರೆ" ಎಂದು ಕೇಳುವ ಸಮೀಕ್ಷೆಗೆ ಇಂಥ ಕ್ಷೇತ್ರ ಅರ್ಥವಾಗುವುದೇ ಇಲ್ಲ.

ಮತಪ್ರಮಾಣ ಸರಿಯಾಗಿ ಹಿಡಿದರೂ ಸೀಟಿನ ಲೆಕ್ಕ ತಪ್ಪಬಹುದು. 2018ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್‌ಗೆ ಶೇ. 38.14 ಮತ, ಬಿಜೆಪಿಗೆ ಶೇ. 36.35. ಆದರೆ ಹೆಚ್ಚು ಸೀಟು ಬಂದದ್ದು ಬಿಜೆಪಿಗೆ, 104. 2023ರಲ್ಲಿ ಬಿಜೆಪಿಯ ಮತಪ್ರಮಾಣ ಶೇ. 36ಕ್ಕೆ ಬಂತು, ಅರ್ಧ ಶೇಕಡಾ ಅಂಶವೂ ಇಳಿಯಲಿಲ್ಲ, ಸೀಟು ಮಾತ್ರ 66ಕ್ಕೆ ಕುಸಿಯಿತು. ಜೆಡಿಎಸ್ ಕಳೆದುಕೊಂಡ ಸುಮಾರು ಐದು ಶೇಕಡಾ ಅಂಶ, ಕಾಂಗ್ರೆಸ್ ಏರಿದ್ದು ಶೇ. 42.88ಕ್ಕೆ, ಸೀಟು 135. ಮತ ಎಲ್ಲಿ ಕೂಡಿತು, ಎಲ್ಲಿ ಒಡೆಯಿತು ಎಂಬುದರ ಮೇಲೆ ಸೀಟು ನಿಂತಿರುತ್ತದೆ. ಮತವನ್ನು ಸೀಟಿಗೆ ಬದಲಿಸುವ ಸೂತ್ರವನ್ನು ಯಾವ ವಾಹಿನಿಯೂ ತೋರಿಸುವುದಿಲ್ಲ. ಅದನ್ನು ತೋರಿಸದ ತನಕ ಪರದೆಯ ಮೇಲಿನ ಸೀಟು ಪರಿಶೀಲನೆಗೆ ಸಿಗದ ಅಂಕಿ.

"ಹೋದ ಸಲ ಇವರದೇ ಸರಿಯಾಗಿತ್ತು" ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಆಕ್ಸಿಸ್ ಮೈ ಇಂಡಿಯಾ 2023ರಲ್ಲಿ ಕರ್ನಾಟಕದ ಕಾಂಗ್ರೆಸ್‌ಗೆ 122ರಿಂದ 140 ಸೀಟು ಎಂದಿತ್ತು, ಫಲಿತಾಂಶ ಅದರೊಳಗೇ ಬಿತ್ತು. ಅದೇ ಸಂಸ್ಥೆ ಮುಂದಿನ ವರ್ಷ ಲೋಕಸಭೆಗೆ ಎನ್‌ಡಿಎಗೆ 361ರಿಂದ 401 ಎಂದಿತು, ಬಂದದ್ದು 293. ಆ ದಿನ ಬೇರೆ ಹೆಚ್ಚಿನ ಸಂಸ್ಥೆಗಳೂ ಅದೇ ದಿಕ್ಕಿನಲ್ಲಿ ತಪ್ಪಿದವು. ಹಾಗಾಗಿ ಹತ್ತು ಸಮೀಕ್ಷೆಗಳ ಸರಾಸರಿ ತೆಗೆದರೆ ಸತ್ಯಕ್ಕೆ ಹತ್ತಿರವಾಗುತ್ತದೆ ಎಂದು ನಂಬಿ ಕೂರಲಾಗದು. ಎಲ್ಲರ ತಪ್ಪೂ ಒಂದೇ ಕಡೆ ವಾಲಿದ್ದರೆ ಸರಾಸರಿಯೂ ಅಲ್ಲಿಗೇ ವಾಲುತ್ತದೆ.

ಪ್ರಕಟಿಸಲೇಬೇಕಾದ ಒತ್ತಡ ಇದ್ದಾಗ ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ ಡೆಸ್ಕಿಗೆ ಸಾಕಷ್ಟು ಆಸರೆ. ಸಮೀಕ್ಷೆ ಮಾಡಿದ ಸಂಸ್ಥೆ, ಮಾಡಿಸಿದವರು, ಸ್ಯಾಂಪಲಿನ ಗಾತ್ರ ಮತ್ತು ಸ್ವರೂಪ, ಆರಿಸಿದ ವಿಧಾನ, ಆಗಬಹುದಾದ ತಪ್ಪಿನ ಪ್ರಮಾಣ ಇಷ್ಟನ್ನೂ ಎದ್ದುಕಾಣುವಂತೆ ಹಾಕಬೇಕೆಂದು ಅದು ಹೇಳುತ್ತದೆ. ಇವುಗಳಲ್ಲಿ "ಮಾಡಿಸಿದವರು" ಎಂಬುದಕ್ಕೆ ಉತ್ತರ ಬರದಿದ್ದರೆ ಸುದ್ದಿ ಕೈಬಿಡಬಹುದು, ಓದುಗರಿಗೆ ನಷ್ಟವಿಲ್ಲ. ಸ್ಥಳೀಯ ಆಕಾಂಕ್ಷಿಗಳು ತಾವೇ ಹಂಚುವ "ಆಂತರಿಕ ಸಮೀಕ್ಷೆ"ಗಳಿಗೆ ಈ ನಿಯಮ ಇನ್ನೂ ಬಿಗಿಯಾಗಿ ಅನ್ವಯಿಸಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಂ ಡೆಸ್ಕಿನ ಗೋಡೆಯ ಮೇಲೆ ಇರಲಿ: ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಎಕ್ಸಿಟ್ ಪೋಲ್ ಪ್ರಕಟಣೆ ನಿಷಿದ್ಧ, ಉಲ್ಲಂಘನೆಗೆ ಎರಡು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ವಾಟ್ಸ್ಆ್ಯಪ್ ಚಾನೆಲ್ಲಿಗೆ ವಿನಾಯಿತಿ ಇದೆ ಎಂದು ಯಾರೂ ತಿಳಿಯಬಾರದು.

ಎಕ್ಸಿಟ್ ಪೋಲ್‌ಗೆ 5ಕ್ಕೆ 1. ಮತದಾರರ ಪಟ್ಟಿಯಿಂದಲೇ ಹೆಸರು ಎತ್ತಿ, ವಿಧಾನವನ್ನು ಬಹಿರಂಗವಾಗಿ ಬರೆಯುವ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ನ ಚುನಾವಣೋತ್ತರ ಅಧ್ಯಯನಗಳು ಬೇರೆ ವರ್ಗದವು. ಯಾರು ಗೆಲ್ಲುತ್ತಾರೆ ಎಂಬುದಕ್ಕಲ್ಲ, ಯಾವ ವರ್ಗ ಯಾಕೆ ಹಾಗೆ ಮತ ಹಾಕಿತು ಎಂಬುದಕ್ಕೆ ಅವನ್ನು ಬಳಸಬೇಕು, ಅದೂ ರಾಜ್ಯದ ಮಟ್ಟದಲ್ಲಿ.

ಜನಗಣತಿ, ಎನ್‌ಎಫ್‌ಎಚ್‌ಎಸ್

2011ರ ಜನಗಣತಿ ಹಳೆಯದಾಯಿತು, ಆದರೆ ಹಳ್ಳಿ ಮಟ್ಟಕ್ಕೆ ಇಳಿಯುವ ಜನಸಂಖ್ಯೆಯ ದಾಖಲೆ ಇವತ್ತಿಗೂ ಅದೇ. ಬೆಳಗಾವಿ ಜಿಲ್ಲೆ 47,79,661, ವಿಜಯಪುರ 21,77,331, ಬಾಗಲಕೋಟೆ 18,89,752. ತಲಾ ಅನುದಾನ, ಲಕ್ಷಕ್ಕೆ ಇಷ್ಟು ವೈದ್ಯರು ಎಂಬ ಯಾವ ಲೆಕ್ಕ ಬಂದರೂ ಛೇದ ಇದೇನಾ ಅಥವಾ ಅಂದಾಜಾ ಎಂದು ಕೇಳಬೇಕು. ಕೇಂದ್ರದ ತಾಂತ್ರಿಕ ಸಮಿತಿ 2036ರವರೆಗೆ ಕೊಟ್ಟ ಜನಸಂಖ್ಯಾ ಮುನ್ನಂದಾಜು ರಾಜ್ಯ ಮಟ್ಟದ್ದು. ಜಿಲ್ಲೆಯ ಮುನ್ನಂದಾಜು ಎಂದು ಯಾರಾದರೂ ಕೊಟ್ಟರೆ ಅದನ್ನು ಲೆಕ್ಕ ಹಾಕಿದವರು ಬೇರೆ ಯಾರೋ, ಸೂತ್ರ ಕೇಳಿ ಪಡೆಯಬೇಕು. ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಗಡಿ ವಿವಾದದಲ್ಲಿ ಭಾಷಿಕರ ಪ್ರಮಾಣ ಕೇಳಿಬಂದಾಗ ನೋಡಬೇಕಾದದ್ದು ಸಿ-16 ಮಾತೃಭಾಷಾ ಕೋಷ್ಟಕ. ಜಿಲ್ಲೆ, ತಾಲ್ಲೂಕು, ನಗರ ಮೂರರ ಅಂಕಿಗಳೂ ಬೇರೆ ಬೇರೆ. ನಗರದ ಅಂಕಿಯನ್ನು ಜಿಲ್ಲೆಯದೆಂದು, ಜಿಲ್ಲೆಯದನ್ನು ನಗರದ್ದೆಂದು ಬಳಸುವುದು ಎರಡೂ ಕಡೆಯವರ ಅಭ್ಯಾಸ.

ಹಿಂದುಳಿದಿರುವಿಕೆಯ ಚರ್ಚೆಯಲ್ಲಿ ಪ್ರತಿ ಅಧಿವೇಶನದಲ್ಲೂ ಬರುವ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 2002ರದು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆಮೇಲೆ ನಿಪ್ಪಾಣಿ, ಕಾಗವಾಡ, ಮೂಡಲಗಿ, ಇಳಕಲ್, ಗುಳೇದಗುಡ್ಡ, ತಿಕೋಟಾ, ಚಡಚಣದಂಥ ಹೊಸ ತಾಲ್ಲೂಕುಗಳು ಒಡೆದು ಬಂದವು. ಹಳೆಯ ತಾಲ್ಲೂಕಿನ ದರ್ಜೆಯನ್ನು ಹೊಸ ತಾಲ್ಲೂಕಿಗೆ ಅಂಟಿಸುವ ಮುನ್ನ ಯಾವ ಹಳ್ಳಿಗಳು ಎಲ್ಲಿಗೆ ಹೋದವು ಎಂದು ನೋಡಬೇಕು.

ಆರೋಗ್ಯ, ಪೌಷ್ಟಿಕತೆಯ ವಾದಗಳಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ, ಅಂದರೆ ಎನ್‌ಎಫ್‌ಎಚ್‌ಎಸ್-5ರ ಜಿಲ್ಲಾ ಹಾಳೆ ಅಚ್ಚುಕಟ್ಟಾದ ಸೇವೆ. ಕೆಲವೇ ಪುಟ, ಹಿಂದಿನ ಸುತ್ತಿನ ಅಂಕಿ ಪಕ್ಕದಲ್ಲೇ. ಆದರೆ ರಾಜ್ಯದಲ್ಲಿ ಒಟ್ಟು 26,574 ಮನೆ, ಜಿಲ್ಲೆಗೆ ಸರಾಸರಿ 900ಕ್ಕೂ ಕಡಿಮೆ. ಆವರಣದೊಳಗೆ ಕೊಟ್ಟ ಅಂಕಿ 25ರಿಂದ 49 ಜನರ ಮೇಲೆ ನಿಂತದ್ದು, ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ. ಪಿಡಿಎಫ್‌ನಿಂದ ನಕಲು ಮಾಡುವಾಗ ಆವರಣ ಬಿದ್ದುಹೋಗುತ್ತದೆ, ಎಚ್ಚರಿಕೆಯೂ ಅದರ ಜತೆ ಹೋಗುತ್ತದೆ. ಕರ್ನಾಟಕದಲ್ಲಿ ಈ ಸಮೀಕ್ಷೆ ನಡೆದದ್ದು 2019ರ ಜುಲೈನಿಂದ ಡಿಸೆಂಬರ್. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ನೀರಿನಲ್ಲಿದ್ದ ಆಗಸ್ಟ್ ಅದರೊಳಗೇ ಬರುತ್ತದೆ. ಈ ಎರಡು ಜಿಲ್ಲೆಗಳ ಅಂಕಿ ಬರೆಯುವವರು ಆ ಒಂದು ವಾಕ್ಯ ಸೇರಿಸಲೇಬೇಕು.

ಸದನದ ಉತ್ತರಗಳು

ಚುಕ್ಕೆ ಗುರುತಿನ ಹಾಗೂ ಚುಕ್ಕೆ ರಹಿತ ಪ್ರಶ್ನೆಗಳಿಗೆ ಸಚಿವರು ಕೊಡುವ ಲಿಖಿತ ಉತ್ತರ ಕೈಗೆಟುಕುವ ಒಳ್ಳೆಯ ದಾಖಲೆ. ಸದನದಲ್ಲಿ ಓದುವುದು ಮೊದಲ ಪುಟ ಮಾತ್ರ. ತಾಲ್ಲೂಕುವಾರು ವಿವರ ಇರುವುದು "ಅನುಬಂಧದಲ್ಲಿ ನೀಡಲಾಗಿದೆ" ಎಂದಿರುವ ಕಡೆ. ಅನುಬಂಧ ಇಲ್ಲದ ಉತ್ತರ ಅರ್ಧ ಉತ್ತರ. "ಮಂಜೂರು", "ಬಿಡುಗಡೆ", "ವೆಚ್ಚ" ಮೂರೂ ಬೇರೆ ಕಾಲಂ. ಆಡಳಿತ ಪಕ್ಷ ಮೊದಲನೆಯದನ್ನು, ಪ್ರತಿಪಕ್ಷ ಮೂರನೆಯದನ್ನು ಓದಿದರೆ ಇಬ್ಬರೂ ಸುಳ್ಳು ಹೇಳಿರುವುದಿಲ್ಲ, ಓದುಗರಿಗೆ ಮಾತ್ರ ಮೂರೂ ಬೇಕು.

ಗ್ಯಾರಂಟಿಗಳ ಅಂಕಿಯಲ್ಲಿ ಎಣಿಸಿದ ಘಟಕ ಯಾವುದು ಎಂಬುದೇ ಮೊದಲ ಪ್ರಶ್ನೆ. ಶಕ್ತಿ ಯೋಜನೆಯಲ್ಲಿ ಎಣಿಸುವುದು ಶೂನ್ಯ ಟಿಕೆಟ್. ದಿನಾ ಬೈಲಹೊಂಗಲದಿಂದ ಬೆಳಗಾವಿಗೆ ಬಂದು ಹೋಗುವ ಒಬ್ಬಳೇ ನೌಕರಸ್ಥೆ ತಿಂಗಳಿಗೆ ಐವತ್ತರ ಹತ್ತಿರ ಟಿಕೆಟ್ ಆಗುತ್ತಾಳೆ. "ಇಷ್ಟು ಕೋಟಿ ಮಹಿಳೆಯರು" ಎಂದಲ್ಲ, "ಇಷ್ಟು ಕೋಟಿ ಪ್ರಯಾಣ" ಎಂದು ಬರೆಯಬೇಕು. ಗೃಹಜ್ಯೋತಿಯಲ್ಲಿ ಹೆಸ್ಕಾಂ ಎಣಿಸುವುದು ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರನ್ನು, ಕುಟುಂಬವನ್ನಲ್ಲ. ಸಾರಿಗೆ ಅಂಕಿಯಲ್ಲಿ ಪ್ರಾದೇಶಿಕ ಬಲೆಯೂ ಒಂದಿದೆ: ವಿಜಯಪುರ ವಿಭಾಗದ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದವು, ಜಿಲ್ಲೆ ಮಾತ್ರ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನದ ವ್ಯಾಪ್ತಿಯ ಕಲ್ಯಾಣ ಕರ್ನಾಟಕದ್ದಲ್ಲ. ನಿಗಮದ ಮೊತ್ತವನ್ನು ಪ್ರದೇಶದ ಮೊತ್ತ ಎಂದರೆ ಒಂದು ಇಡೀ ಜಿಲ್ಲೆ ತಪ್ಪು ಕಡೆ ಸೇರಿತು.

ಕಬ್ಬಿನ ದರ

ಈ ಮೂರು ಜಿಲ್ಲೆಗಳಲ್ಲಿ ರಾಜಕೀಯವನ್ನು ಬಿಸಿ ಮಾಡುವ ಅಂಕಿ ಇದಕ್ಕಿಂತ ಬೇರೆ ಇಲ್ಲ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಖರೀದಿ ದರ, ಅಂದರೆ ಎಫ್‌ಆರ್‌ಪಿ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಮೇಲೆ ಪ್ರತಿ 0.1 ಇಳುವರಿಗೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು. ಶೇ. 11.25 ಇಳುವರಿಯ ಕಾರ್ಖಾನೆಗೆ ಲೆಕ್ಕ ಹಾಕಿದರೆ ಟನ್ನಿಗೆ 3,896. ರೈತ ತೋರಿಸುವ ಬಿಲ್ಲಿನಲ್ಲಿ ಅಷ್ಟು ಇರುವುದಿಲ್ಲ, ಏಕೆಂದರೆ ಕಟಾವು ಮತ್ತು ಸಾಗಣೆ ವೆಚ್ಚವನ್ನು ಕಾರ್ಖಾನೆ ಮುರಿದುಕೊಂಡಿರುತ್ತದೆ. 2025ರ ನವೆಂಬರಿನಲ್ಲಿ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ಕೇಳಿ ಕುಳಿತಾಗ "ಎಫ್‌ಆರ್‌ಪಿಯೇ 3,550 ಇದೆಯಲ್ಲ" ಎಂದು ಪಕ್ಕದಲ್ಲಿ ಇಟ್ಟ ಸುದ್ದಿಗಳು ಎರಡು ಬೇರೆ ಜಾತಿಯ ಅಂಕಿಗಳನ್ನು ಹೋಲಿಸಿದವು. ಒಂದು ಕಡಿತಕ್ಕೆ ಮುಂಚಿನದು, ಇನ್ನೊಂದು ಕೈಗೆ ಸಿಗಬೇಕಾದದ್ದು.

ಇಲ್ಲಿ ಒಳ್ಳೆಯ ಸೇವೆ ಎಂದರೆ ರೈತನ ಬಿಲ್ಲೇ. ಅದರಲ್ಲಿ ತೂಕ, ದರ, ಕಡಿತ ಮೂರೂ ಸಾಲು ಸಾಲಾಗಿ ಇರುತ್ತವೆ. ಒಂದು ಕಾರ್ಖಾನೆಯ ಮೇಲೆ ಬರೆಯುವ ಮುನ್ನ ಬೇರೆ ಬೇರೆ ಊರಿನ, ಬೇರೆ ಬೇರೆ ಹದಿನೈದು ದಿನದ ಬಿಲ್ಲುಗಳು ಬೇಕು, ಏಕೆಂದರೆ ಸಾಗಣೆ ವೆಚ್ಚ ದೂರದ ಮೇಲೆ ಬದಲಾಗುತ್ತದೆ. ದರ ನಿಗದಿಗೆ ಹಿಂದಿನ ಹಂಗಾಮಿನ ಇಳುವರಿಯನ್ನು ಬಳಸುತ್ತಾರೆ, ಹಾಗಾಗಿ ಈ ವರ್ಷದ ಇಳುವರಿಯನ್ನು ಈ ವರ್ಷದ ದರದ ಪಕ್ಕ ಇಟ್ಟು ಮೋಸ ಎಂದು ಬರೆಯುವುದೂ ತಪ್ಪಾಗುತ್ತದೆ.

ಜಾತಿ ಸಮೀಕ್ಷೆ

2015ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಅಂದಾಜು 6.35 ಕೋಟಿ ಜನರಲ್ಲಿ 5.98 ಕೋಟಿ ಜನರನ್ನು ತಲುಪಿದ್ದಾಗಿ ಹೇಳಲಾಯಿತು. ವರದಿ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಸೋರಿಕೆಯಾದ ಅಂಕಿಗಳ ಮೇಲೆಯೇ ರಾಜ್ಯದ ಅರ್ಧ ರಾಜಕೀಯ ನಡೆದಿತ್ತು. ಹೊಸ ಸಮೀಕ್ಷೆ 2025ರ ಸೆಪ್ಟೆಂಬರ್ 22ಕ್ಕೆ ಶುರುವಾಯಿತು, ಉತ್ತರ ಕೊಡುವುದು ಸ್ವಯಂಪ್ರೇರಿತ ಎಂದು ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ ಸ್ಪಷ್ಟಪಡಿಸಿತು. ಕೂಡಲಸಂಗಮದ ಪೀಠದಿಂದ 2ಎ ಮೀಸಲಾತಿ (ಹಿಂದುಳಿದ ವರ್ಗಗಳ ಒಂದು ಪ್ರವರ್ಗ) ಹೋರಾಟದ ಕೂಗು ಕೇಳಿಬಂದ ಈ ಭಾಗದಲ್ಲಿ ಪಂಚಮಸಾಲಿ ಸಂಖ್ಯೆ ಎಷ್ಟು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರ ನಿಂತಿರುವುದು ಮೂರು ಸಂಗತಿಗಳ ಮೇಲೆ: ಉತ್ತರ ಕೊಡದ ಮನೆಗಳು ಎಲ್ಲಿ ಹೆಚ್ಚು, ಜಾತಿ ಕಾಲಂನಲ್ಲಿ "ಲಿಂಗಾಯತ" ಎಂದಷ್ಟೇ ಬರೆಸಿ ಉಪಜಾತಿ ಖಾಲಿ ಬಿಟ್ಟವರನ್ನು ಎಲ್ಲಿ ಸೇರಿಸಿದರು, ಒಂದೇ ಸಮುದಾಯದ ಬೇರೆ ಬೇರೆ ಹೆಸರುಗಳನ್ನು ಯಾವ ಸಂಕೇತದಡಿ ಒಟ್ಟುಗೂಡಿಸಿದರು. ಈ ಮೂರಕ್ಕೂ ಕೋಷ್ಟಕ ಕೊಡದ ತನಕ ಯಾವ ಸಮುದಾಯದ ಮೊತ್ತವನ್ನೂ ಶೀರ್ಷಿಕೆಗೆ ಏರಿಸಬಾರದು. ಅಂಕ ಕೊಡುವ ಹಂತಕ್ಕೆ ಈ ಸೇವೆ ಬಂದಿಲ್ಲ.

ಕೊನೆಯದಾಗಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ. ಇವುಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಭಾರತದ ಚುನಾವಣಾ ಆಯೋಗವಲ್ಲ. ಆದ್ದರಿಂದ ಮೇಲಿನ ಯಾವ ಪುಟದಲ್ಲೂ ಇವುಗಳ ಫಲಿತಾಂಶ ಹುಡುಕಿ ಸಮಯ ಹಾಳು ಮಾಡಬೇಕಿಲ್ಲ. 2016ರ ಫೆಬ್ರುವರಿಯ ಚುನಾವಣೆಯ ಮತಗಟ್ಟೆವಾರು ವಿವರ ಬೇಕಾದವರು ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು. ಅರ್ಜಿಯಲ್ಲಿ "ಫಲಿತಾಂಶ" ಎಂದಷ್ಟೇ ಬರೆದರೆ ಗೆದ್ದವರ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಬಹುದು. ಕ್ಷೇತ್ರದ ಹೆಸರು, ಮತಗಟ್ಟೆವಾರು ಪ್ರತಿ ಅಭ್ಯರ್ಥಿ ಪಡೆದ ಮತ, ಆಗಿನ ಕ್ಷೇತ್ರಕ್ಕೆ ಸೇರಿದ ಹಳ್ಳಿಗಳ ಪಟ್ಟಿ ಮೂರನ್ನೂ ಬೇರೆ ಬೇರೆ ಅಂಶಗಳಾಗಿ ಕೇಳಬೇಕು. ಕ್ಷೇತ್ರಗಳನ್ನು ಆಮೇಲೆ ಮರುವಿಂಗಡಿಸಿರುವುದರಿಂದ ಹಳ್ಳಿಗಳ ಆ ಪಟ್ಟಿ ಇಲ್ಲದೆ ಹಳೆಯ ಮತವನ್ನು ಹೊಸ ಕ್ಷೇತ್ರಕ್ಕೆ ಜೋಡಿಸಲು ಬರುವುದಿಲ್ಲ.